ಉಂಡೆ ನಿಲ್ಲಬಾರದು

"ಏಯ್ ಸೋಡಾಬುಡ್ಡಿ, ಸ್ಟೂಲಿಗೆ ಪಾಲಿಶ್ ಹಾಕ್ತಿದ್ದೀಯೋ, ಎಮ್ಮೆ ಮೈ ತೊಳೀತಿದ್ದೀಯೋ?"

ಅಕ್ಕ ಕಿಸಕ್ಕನೆ ನಕ್ಕಳು. ತಮ್ಮ ತಲೆ ಎತ್ತಲಿಲ್ಲ. ದಪ್ಪ ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಕೈ ಮಾತ್ರ ಹೋಗುತ್ತಿತ್ತು, ಬರುತ್ತಿತ್ತು.

ಅಜ್ಜಿಯ ಪಾಲಿಶ್ ಕೋಣೆಯಲ್ಲಿ ಅಂದು ಪರೀಕ್ಷೆ. ಚಿಕ್ಕಮ್ಮನಿಗೆ ಹುಟ್ಟಲಿರುವ ಪಾಪುವಿಗೆಂದು ಅಮ್ಮ ತನ್ನ ಕೈಯಾರೆ ಮರದ ತೊಟ್ಟಿಲು ಮಾಡಿದ್ದಳು. ಅದಕ್ಕೆ ಪಾಲಿಶ್‌ನ ಕೊನೆಯ ಕೋಟು ಹಾಕುವವರು ಯಾರು? "ಯಾರ ಸ್ಟೂಲು ಚೆನ್ನಾಗಿ ಹೊಳೆಯುತ್ತೋ ಅವರು," ಎಂದಿದ್ದಳು ಅಜ್ಜಿ.

ಅಕ್ಕನಿಗೆ ಅದು ಪರೀಕ್ಷೆಯೇ ಅಲ್ಲ. ನುಣುಪಾದ ಸ್ಟೂಲನ್ನು ತಾನು ಎಳೆದುಕೊಂಡು, ಗಂಟುಗಂಟಿನದನ್ನು ತಮ್ಮನ ಕಡೆ ಕಾಲಿನಿಂದಲೇ ತಳ್ಳಿದ್ದಳು. "ನಮ್ಮ ಪಾಪು ತೊಟ್ಟಿಲಿಗೆ ಪಾಲಿಶ್ ನಂದೇ" ಎಂದು ಕ್ಲಾಸಿನಲ್ಲಿ ಡಂಗುರ ಸಾರಿಯೂ ಆಗಿತ್ತು. ದೇವರು ಅವಳ ನಾಲಿಗೆಯನ್ನು ತುಸು ಹೆಚ್ಚೇ ಹರಿತ ಮಾಡಿ ಕಳಿಸಿದ್ದ.

ಅಜ್ಜಿ ಅರಗಿನ ಚಕ್ಕೆಗಳನ್ನು ಹಿಂದಿನ ದಿನವೇ ಸ್ಪಿರಿಟ್‌ನಲ್ಲಿ ನೆನೆಹಾಕಿದ್ದಳು. ಈಗ ಅದು ಕರಗಿ ಜೇನಿನ ಬಣ್ಣಕ್ಕೆ ತಿರುಗಿತ್ತು. ಹತ್ತಿಯನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ, ಇಬ್ಬರಿಗೂ ಒಂದೊಂದು ಉಂಡೆ ಕಟ್ಟಿಕೊಟ್ಟು ಹೇಳಿದ್ದಳು: "ಉಂಡೆ ಓಡಾಡ್ತಾನೇ ಇರ್ಬೇಕು. ನಿಂತ್ರೆ ಅಂಟ್ಕೊಳ್ಳುತ್ತೆ. ಅಂಟ್ಕೊಂಡ್ರೆ ಕೆಳಗಿನ ಕೋಟನ್ನೂ ಕಿತ್ಕೊಂಡು ಬರುತ್ತೆ."

"ಗೊತ್ತಜ್ಜಿ, ನಾನೇನು ಇವನಾ?" ಎಂದಿದ್ದಳು ಅಕ್ಕ.

ಅವಳ ಸ್ಟೂಲು ಆಗಲೇ ಮಿರಮಿರ ಮಿಂಚುತ್ತಿತ್ತು. ಇವನೋ, ಮಾತೇ ಇಲ್ಲ! ಕೆಣಕಿದರೂ ಕೆರಳದವನನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಅವನತ್ತ ಪೂರ್ತಿ ತಿರುಗಿ, ಬಾಗಿ ನೋಡಿದಳು.

"ಅಯ್ಯೋ! ಇದನ್ನ ನೋಡಿದ್ರೆ ಪಾಪು ಹುಟ್ಟೋಕೆ ಮುಂಚೇನೇ ಅಳುತ್ತೆ ಕಣೋ!"

ತನ್ನ ಜೋಕಿಗೆ ತಾನೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ಮುಗಿದು, ಸ್ಟೂಲಿನ ಮೇಲೇ ನಿಂತಿದ್ದ ಇನ್ನೊಂದು ಕೈ ಎಳೆದರೆ ಉಂಡೆ ಬರಲಿಲ್ಲ. ಜಗ್ಗಿದಳು. ಚರ್ರೆಂದು ಬಂತು. ಹೊಳಪಿನ ನಡುವೆ, ಗಾಯದ ಹಕ್ಕಳೆ ಎದ್ದ ಹಾಗೆ ಒರಟು ಕಲೆ. ಗಾಬರಿಯಿಂದ ಅದರ ಮೇಲೇ ತಿಕ್ಕಿದಳು. ಕಲೆ ಅಂಗೈಯಗಲ ಆಯಿತು.

ಅಜ್ಜಿ ಬಂದು ನೋಡಿದಳು.

"ಕೈ ನಡೀಬೇಕಿತ್ತು, ಬಾಯಿ ನಿಲ್ಬೇಕಿತ್ತು. ನೀನು ಉಲ್ಟಾ ಮಾಡ್ಕೊಂಡೆ," ಎಂದಳು. "ಇವತ್ತು ಮುಟ್ಬೇಡ. ಒಣಗಲಿ. ನಾಳೆ ತಿಕ್ಕಿ ಹೊಸ ಕೋಟು ಹಾಕು. ಹಳೇದರಲ್ಲಿ ಅದು ಕರಗಿ ಸೇರ್ಕೊಳ್ಳುತ್ತೆ."

ಆಮೇಲೆ ತಮ್ಮನ ಸ್ಟೂಲನ್ನು ಬೆಳಕಿಗೆ ಹಿಡಿದಳು. ಆ ಗಂಟುಗಳೆಲ್ಲ ಒಳಗಿನಿಂದ ದೀಪ ಹಚ್ಚಿದಂತೆ ಬೆಳಗುತ್ತಿದ್ದವು.

ಅಕ್ಕನ ಕಣ್ಣು ತುಂಬಿತು. "ನಗು. ನಿಂದೇ ಸರದಿ."

"ಮಾತಾಡಿದ್ರೆ ನನ್ ಕೈ ನಿಂತೋಗುತ್ತೆ. ಅದಕ್ಕೇ ಸುಮ್ನಿದ್ದೆ," ಎಂದ ತಮ್ಮ. "ಎಮ್ಮೆ ಜೋಕು ಮಾತ್ರ ಚೆನ್ನಾಗಿತ್ತು."

ತೊಟ್ಟಿಲ ಮುಂದೆ ಅವನು ಉಂಡೆ ಹಿಡಿದು ಕೂತ. ಅಕ್ಕ ದೂರ ನಿಂತಳು. ಹೋಗಿಬಿಡೋಣ ಎನಿಸಿತು, ಹೋಗಲಿಲ್ಲ.

ಉಂಡೆ ತೊಟ್ಟಿಲ ಪಟ್ಟಿಯ ಮೇಲೆ ಜಾರತೊಡಗಿತು. ಕನ್ನಡಕವೂ ಜಾರಿತು. ಇನ್ನೇನು ಬಿತ್ತು! ತಮ್ಮ ಮೂಗನ್ನು ಮೊಲದ ಹಾಗೆ ಕುಣಿಸಿದ, ಕೈ ನಿಲ್ಲಿಸಲಿಲ್ಲ. ಅಕ್ಕನ ನಾಲಿಗೆಯ ತುದಿಗೆ ಭರ್ಜರಿ ಜೋಕೊಂದು ಬಂದು ಕೂತಿತು.

ಅವಳು ಹತ್ತಿರ ಹೋಗಿ, ಒಂದೇ ಬೆರಳಿನಿಂದ ಕನ್ನಡಕವನ್ನು ಮೆಲ್ಲಗೆ ಮೇಲಕ್ಕೆ ತಳ್ಳಿದಳು.