ಹದಿನೇಳನೇ ನಂಬರಿನ ಮುದ್ರೆ

ನಮ್ಮೂರಿನ ಜರ್ಮನರೆಲ್ಲ ಊರು ಬಿಟ್ಟಮೇಲೆ ಅವರ ಮನೆಗಳಿಗೆ ರೊಮೇನಿಯನ್ನರಾದ ನಾವೂ ಜಿಪ್ಸಿಗಳೂ ಬಂದು ಸೇರಿಕೊಂಡೆವು. ಆ ಜರ್ಮನರು ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸವನ್ನು ಚರ್ಚಿನ ಗೋಪುರದಲ್ಲಿ ತೂಗುಹಾಕಿ, ಭಾನುವಾರ ಬೇಕಾದಷ್ಟು ಕೊಯ್ದು, ಬೇರೆಯವರು ಕೊಯ್ದರೆ ಗೊತ್ತಾಗಲೆಂದು ಉಳಿದದ್ದರ ಕೊಯ್ದ ಅಂಚಿಗೆ ತಮ್ಮ ಮನೆ ನಂಬರಿನ ಮುದ್ರೆ ಒತ್ತುತ್ತಿದ್ದರು. ಊರು ಬಿಡುವಾಗ ಆ ಮುದ್ರೆಯ ಅಚ್ಚುಗಳನ್ನೂ ಒಯ್ದರು. ಈಗ ಅಲ್ಲಿ ತೂಗುವುದು ನನ್ನದೊಂದೇ ತುಂಡು. ಬೀಗದ ಕೈಯೂ ನನ್ನ ಹತ್ತಿರವೇ.

ಈಸ್ಟರ್ ಕಳೆದಮೇಲೆ ಪ್ರತಿ ಭಾನುವಾರ ಅದು ಎರಡು ಬೆರಳಷ್ಟು ಕಡಿಮೆಯಾಗತೊಡಗಿತು. ನನಗೆ ಪಕ್ಕದ ಮನೆಯ ಜಿಪ್ಸಿ ಸಾಫ್ತಾಳ ಮೇಲೇ ಗುಮಾನಿ; ಅವಳನ್ನೇ ಕೇಳಿಬಿಟ್ಟೆ.

“ಕದಿಯೋಳಾಗಿದ್ರೆ ಇಡೀ ತುಂಡೇ ಎತ್ಕೊಂಡ್ ಹೋಗ್ತಿದ್ದೆ ಕಣಕ್ಕಾ,” ಎಂದು ನಕ್ಕು, ನೋಡಲು ನನ್ನ ಜೊತೆಗೇ ಬಂದಳು.

ಸುಡುಬೇಸಿಗೆಯಲ್ಲೂ ಗೋಪುರದೊಳಗೆ ನಮ್ಮ ಉಸಿರು ಹಬೆಯಾಗುತ್ತಿತ್ತು. ಮಾಂಸದ ಅಂಚಿನಲ್ಲಿ ಮಸಿ ಆರದ ಮುದ್ರೆ: ಹದಿನೇಳು.

“ನಿಮ್ಮನೆ ನಂಬರಲ್ವೇನಕ್ಕಾ?” ಎಂದಳು ಸಾಫ್ತಾ. ಈ ಸಲ ನಗಲಿಲ್ಲ.

ಮನೆಗೆ ಬಂದರೆ ಮೇಜಿನ ಮೇಲೆ ಜಿಡ್ಡು ಮೆತ್ತಿದ ಚಾಕು, ಮುಟ್ಟಿದರೆ ಮಂಜಿನಷ್ಟು ತಣ್ಣಗೆ. ನನ್ನ ಮನೆಯಲ್ಲಿರುವುದು ನಾನೊಬ್ಬಳೇ.