ಡೀಸೆಲ್ ಕುಡಿದವರು ಯಾರು?

"ನೀನು ಇಳೀಬ್ಯಾಡ. ಇಲ್ಲೇ ಕೂತಿರು, ಈಗ್ ಬಂದೆ" ಎಂದು ಮುತ್ತುರಾಜ್ ಮಾವ ಪಿಕಪ್ ಗಾಡಿಯನ್ನು ರಸ್ತೆ ಬದಿಗೆ ನಿಲ್ಲಿಸಿದ. ಸೀಟಿನ ಹಿಂದಿನಿಂದ ಒಂದು ಬಿಳಿ ಕ್ಯಾನು ಎಳೆದುಕೊಂಡ. ಆ ಕಡೆ ಈ ಕಡೆ ನೋಡಿದ. ಆಮೇಲೆ ಸರಸರನೆ ಜಾಲಿ ಗಿಡಗಳ ಹಿಂದೆ ಹೋದ.

ಶಿಲ್ಪ ಸೀಟಿನಿಂದ ಮುಂದೆ ಬಾಗಿ ನೋಡಿದಳು. ಕ್ಯಾನು! ಅಪ್ಪ ಹೇಳಿದ್ದು ಇದನ್ನೇ.

ಬೆಳಿಗ್ಗೆ ಅಪ್ಪ ಅವಳನ್ನು ಕುರಿ ರೊಪ್ಪದ ಮರೆಗೆ ಕರೆದು ಪಿಸುಗುಟ್ಟಿದ್ದ. "ಹೆಂಗೂ ಇವತ್ತು ಸ್ಕೂಲ್ ರಜ. ಮಾವನ ಜೊತೆ ಹೋಗು. ಎಲ್ಲೆಲ್ಲಿ ನಿಲ್ಲಿಸ್ತಾನೆ, ಕ್ಯಾನು ಗೀನು ಏನಾದ್ರೂ ಐತಾ, ಎಲ್ಲ ನೋಡ್ಕಂಡು ಬಾ. ನಿಮ್ಮವ್ವಂಗೆ ಹೇಳ್ಬ್ಯಾಡ."

ಗಾಡಿ ಅಪ್ಪನದು. ಆದರೆ ಅಪ್ಪ ಕಾಮಣ್ಣನಿಗೆ ಕುರಿ ಮೇಯಿಸುವುದು ಗೊತ್ತೇ ಹೊರತು ಗಾಡಿ ಓಡಿಸುವುದು ಗೊತ್ತಿಲ್ಲ. ಅದಕ್ಕೇ ಅವ್ವನ ತಮ್ಮ ಮುತ್ತುರಾಜ್ ಮಾವ ಅವರ ಮನೆಯಲ್ಲೇ ಇದ್ದುಕೊಂಡು ಗಾಡಿ ಓಡಿಸುತ್ತಿದ್ದ. ಮೊದಲು ಲೀಟರಿಗೆ ಹನ್ನೊಂದು ಕಿಲೋಮೀಟರ್ ಓಡುತ್ತಿದ್ದ ಗಾಡಿ ಈಚೆಗೆ ಒಂಬತ್ತಕ್ಕೆ ಇಳಿದಿತ್ತು.

ಊರಿನ ಚಂದ್ರಶೇಖರ್ ಅವರದೂ ಅಂಥದ್ದೇ ಗಾಡಿ. "ನಂದು ಹನ್ನೊಂದು ಕೊಡ್ತೈತಲ್ಲೋ ಕಾಮಣ್ಣ! ನಿನ್ನ ಬಾಮೈದ ಟೀ ಬಿಟ್ಟು ಡೀಸೆಲ್ ಕುಡಿಯಾಕೆ ಶುರು ಮಾಡಿದ್ನಾ?" ಎಂದು ಅವರು ಹೋಟೆಲ್ ಮುಂದೆ ನಾಲ್ಕು ಜನ ನಗುವ ಹಾಗೆ ಕೇಳಿದ್ದರು. ಅವತ್ತಿನಿಂದ ಅಪ್ಪ ಮಾವನ ಜೊತೆ ನೆಟ್ಟಗೆ ಮಾತಾಡಿರಲಿಲ್ಲ.

"ಇನ್ನೊಂದು ವಾರ ನೋಡ್ತೀನಿ. ಆಮ್ಯಾಲೆ ಕೀ ಇಸ್ಕಂತೀನಿ. ಅವನು ಅವನ ಊರಿಗೆ ಹೋಗ್ಲಿ" ಎಂದು ಅವ್ವನಿಗೆ ಹೇಳಿದ್ದ. ಅವ್ವ ರೊಟ್ಟಿ ತಟ್ಟುವ ಸದ್ದು ಜೋರಾಯಿತು.

ಮಾವ ಹೋಗಿಬಿಟ್ಟರೆ? ಶಿಲ್ಪಳಿಗೆ ಅದು ಬೇಡವಾಗಿತ್ತು. ಆದರೆ ಮಾವ ನಿಜವಾಗಿಯೂ ಡೀಸೆಲ್ ಮಾರುತ್ತಿದ್ದರೆ?

ಅವಳು ಮೆಲ್ಲಗೆ ಬಾಗಿಲು ತೆಗೆದು ಇಳಿದಳು. ಬೆಕ್ಕಿನಂತೆ ಹೆಜ್ಜೆ ಇಟ್ಟು ಜಾಲಿ ಗಿಡಗಳ ಹತ್ತಿರ ಹೋಗಿ ಇಣುಕಿದಳು.

"ಲೇ, ಯಾರದು?" ಮಾವನ ದನಿ ನೆಲದ ಮಟ್ಟದಿಂದ ಬಂತು.

"ನಾನಲ್ಲ ಮಾವ!" ಎಂದು ಕಿರುಚಿ ಶಿಲ್ಪ ತಿರುಗಿ ನೋಡದೆ ಓಡಿದಳು.

ಮಾವ ವಾಪಸ್ ಬಂದಾಗ ಅವನ ಮುಖ ಕೆಂಪಾಗಿತ್ತು. "ಮನುಷ್ಯ ಚೊಂಬಿಗೆ ಹೋದಲ್ಲೂ ಸಿಐಡಿ ಕೆಲಸ ಏನೇ ನಿಂದು?"

ಶಿಲ್ಪ ಕಿಟಕಿಯಾಚೆ ನೋಡಿದಳು. ಆದರೆ ಮಾವ ಗಾಡಿ ಸ್ಟಾರ್ಟ್ ಮಾಡುವಾಗ ಕ್ಯಾನಿನ ಬಾಯಿಯನ್ನು ಒಂದು ಸಲ ಮೂಸಿದಳು. ಡೀಸೆಲ್ ವಾಸನೆ ಇರಲಿಲ್ಲ. ತೊಳೆದಿಟ್ಟಿದ್ದರೆ? ಅನುಮಾನ ಅಷ್ಟು ಬೇಗ ಹೋಗುವಂಥದ್ದಲ್ಲ.

ಗಾಡಿಯ ತುಂಬ ಚಳ್ಳಕೆರೆಯ ಎಣ್ಣೆ ಮಿಲ್ಲಿನಿಂದ ಹೇರಿದ ಶೇಂಗಾ ಹಿಂಡಿ ಚೀಲಗಳು. ಮೊಳಕಾಲ್ಮೂರಿಗೆ ಮುಟ್ಟಿಸಬೇಕು. ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳ ರೆಕ್ಕೆಗಳು ಗರಗರ ತಿರುಗುತ್ತಿದ್ದವು. ರಸ್ತೆ ಏರಿದಾಗ ಗಾಡಿ ತಿಣುಕತೊಡಗಿತು. ಹಿಂದೆ ಕಪ್ಪು ಹೊಗೆ. ಮಾವ ಮೂರನೇ ಗೇರಿನಿಂದ ಎರಡಕ್ಕೆ ಇಳಿಸಿದ. ಬಿಸಿ ತೋರಿಸುವ ಮುಳ್ಳು ಮೇಲೆ ಹೋಗುತ್ತಿತ್ತು.

"ಮೊದ್ಲು ಈ ಏರು ಇದಕ್ಕೊಂದು ಲೆಕ್ಕಾನೇ ಅಲ್ಲ. ಈಗ ನೋಡು, ಮುದಿ ಎತ್ತಾಗೈತೆ" ಎಂದ ಮಾವ.

ಏರು ಮುಗಿದಲ್ಲಿ ನಿಂಗಕ್ಕನ ಟೀ ಅಂಗಡಿ. ಮಾವ ಗಾಡಿ ನಿಲ್ಲಿಸಿದ. ಆದರೆ ಎಂಜಿನ್ ಆಫ್ ಮಾಡಲಿಲ್ಲ. ಗುರ್ರ್ ಎನ್ನುತ್ತಲೇ ಇತ್ತು.

ಹಾಂ! ಶಿಲ್ಪಳ ಕಿವಿ ನೆಟ್ಟಗಾಯಿತು. "ನಿಂತ್ರೂ ಡೀಸೆಲ್ ಉರೀತೈತಲ್ಲ ಮಾವ. ಯಾಕೆ ಆಫ್ ಮಾಡ್ಲಿಲ್ಲ?"

"ಟರ್ಬೋ ಗಾಡಿ ಇದು. ಓಡಿ ಬಂದ ಕುರಿ ತಕ್ಷಣ ಬಿದ್ದುಕೊಂತೈತಾ? ನಿಂತು ಉಸಿರು ಬಿಡ್ತೈತೆ. ಇದೂ ಹಂಗೆ, ಒಂದೆರಡು ನಿಮಿಷ." ಅಷ್ಟು ಹೊತ್ತು ಬಿಟ್ಟು ಕೀ ತಿರುಗಿಸಿ ಆಫ್ ಮಾಡಿದ. "ಇದ್ರಾಗೆ ಎಷ್ಟು ಉರೀತೈತೆ? ಒಂದು ಲೋಟನೂ ಇಲ್ಲ. ಎಲ್ಲ ಮಾಡಿ ನೋಡ್ದೆ ಪುಟ್ಟಿ. ಟೈರಿಗೆ ಗಾಳಿ ಹೊಡಿಸ್ದೆ. ಏರ್ ಫಿಲ್ಟರ್ ಹೊಸದು ಹಾಕಿಸ್ದೆ. ಅರವತ್ತರ ಮ್ಯಾಲೆ ಓಡ್ಸೋದು ಬಿಟ್ಟೆ. ಹಾಡು ಹಾಕೋದೂ ಬಿಟ್ಟೆ."

"ಹಾಡಿಗೂ ಡೀಸೆಲ್ ಬೇಕಾ?"

"ಬ್ಯಾಡ. ಆದ್ರೆ ಕೇಳೋ ಮನಸಿರಲಿಲ್ಲ."

ಮಾವ ಟೀಗೆ ಹೋದ. ಹಿಂಡಿಯ ವಾಸನೆಗೆ ನಿಂಗಕ್ಕನ ಮೇಕೆಗಳು ಗಾಡಿಯನ್ನು ಮುತ್ತಿಕೊಂಡವು. ಒಂದು ಕಪ್ಪು ಮೇಕೆ ಮುಂಭಾಗಕ್ಕೆ ಹೋಗಿ ಏನನ್ನೋ ಕಚ್ಚಿ ಎಳೆಯತೊಡಗಿತು.

"ನಿಂಗಕ್ಕ, ನಿನ್ನ ಮೇಕೆ ಗಾಡಿ ತಿಂತಾ ಐತೆ!" ಎಂದು ಶಿಲ್ಪ ಕೂಗಿದಳು.

"ತಿನ್ಲಿ ಬಿಡವ್ವ, ಈ ಸಲ ಕಬ್ಬಿಣದ ಮರಿ ಹಾಕ್ತೈತೆ" ಎಂದಳು ನಿಂಗಕ್ಕ, ಟೀ ಸೋಸುತ್ತಲೇ.

ಮೇಕೆ ಎಳೆಯುತ್ತಿದ್ದದ್ದು ಅಜ್ಜಿಯ ಕರಿ ಕಂಬಳಿ. ಎರಡು ತಿಂಗಳ ಹಿಂದೆ ಚಂದ್ರಶೇಖರ್ "ಏನ್ ಗಾಡಿನಪ್ಪ!" ಎಂದು ಹೊಗಳಿದ ಮರುದಿನವೇ ಟೈರು ಪಂಕ್ಚರ್ ಆಗಿತ್ತು. ದೃಷ್ಟಿ ತಾಕಬಾರದೆಂದು ಎಲ್ಲರೂ ಗಾಡಿಗೆ ಕರಿ ಕಂಬಳಿಯ ದಾರ ಕಟ್ಟುತ್ತಾರೆ. ಅಜ್ಜಿ ಕರಿಯಕ್ಕ ಮಾತ್ರ "ಅವನ ಕಣ್ಣಿಗೆ ದಾರ ಸಾಲಲ್ಲ" ಎಂದು ಅರ್ಧ ಕಂಬಳಿಯನ್ನೇ ಗಾಡಿಯ ಮುಂದಿನ ಜಾಲರಿಗೆ ಅಡ್ಡವಾಗಿ ಬಿಗಿದಿದ್ದಳು. ದಿನಾ ಬೆಳಿಗ್ಗೆ ಎಲ್ಲರೂ ಅದಕ್ಕೆ ಕೈಮುಗಿಯುತ್ತಿದ್ದರು.

ಶಿಲ್ಪ ಮೇಕೆಯನ್ನು ಓಡಿಸಿ, ಬಿಚ್ಚಿಹೋದ ತುದಿಯನ್ನು ಮತ್ತೆ ಕಟ್ಟಲು ಹಿಡಿದಳು. "ಅಬ್ಬಾ!" ಎಂದು ಕೈ ಕೊಡವಿದಳು. ಕಂಬಳಿಯ ಒಳಮೈಯಲ್ಲಿ ಶೇಂಗಾ ಹೊಟ್ಟು, ಧೂಳು, ಸತ್ತ ಹುಳ ಎಲ್ಲ ಸೇರಿ ರೊಟ್ಟಿಯ ಹಾಗೆ ಗಟ್ಟಿಯಾಗಿತ್ತು. ಅದರ ಹಿಂದಿನಿಂದ ಒಲೆಯ ಮುಂದೆ ನಿಂತಂಥ ಝಳ.

"ಮುಟ್ಬ್ಯಾಡ, ಅಜ್ಜಿ ಬೈತಾಳೆ" ಎನ್ನುತ್ತ ಮಾವ ಲೋಟ ಹಿಡಿದೇ ಬಂದ.

"ಮಾವ, ಈ ಜಾಲರಿ ಯಾಕಿರೋದು?"

"ಯಾಕೆ ಅಂದ್ರೆ? ಗಾಳಿ ಒಳಗೆ ಹೋಗಾಕೆ."

ಹಾಗೆಂದವನೇ ಮಾವ ಕಂಬಳಿ ನೋಡಿದ. ಶಿಲ್ಪಳನ್ನು ನೋಡಿದ. ಲೋಟವನ್ನು ಬಾನೆಟ್ ಮೇಲಿಟ್ಟ.

"ಟರ್ಬೋ ಗಾಳೀನ ಒತ್ತಿ ಊದ್ತೈತೆ. ಒತ್ತಿದ ಗಾಳಿ ಬಿಸಿಯಾಗ್ತೈತೆ. ಈ ಜಾಲರಿ ಹಿಂದೆ ತಣ್ಣಗಾಗಿ ಎಂಜಿನ್ನಿಗೆ ಹೋಗ್ಬೇಕು. ತಣ್ಣಗಾಗ್ದಿದ್ರೆ ಗಾಡಿ ಎಳೆಯಲ್ಲ, ನಾನು ಇನ್ನೂ ಒತ್ತಿ ತುಳೀತೀನಿ, ಅದು ಇನ್ನೂ ಡೀಸೆಲ್ ಕೇಳ್ತೈತೆ..." ಮಾವ ಹಣೆ ಚಚ್ಚಿಕೊಂಡ. "ಥೋ! ಕಂಬಳಿ ಹೊದ್ಕಂಡು ಬಿಸಿಲಾಗೆ ಓಡು ಅಂದಿದೀವಿ ಇದಕ್ಕೆ! ಬಾನೆಟ್ ಎತ್ತಿ ಒಳಗೆಲ್ಲ ಹುಡುಕ್ದೆ. ಇದರ ಮ್ಯಾಲೆ ಅನುಮಾನ ಬರ್ಲೇ ಇಲ್ಲ ನೋಡು. ದೇವರ ಮ್ಯಾಲೆ ಯಾರು ಅನುಮಾನ ಪಡ್ತಾರೆ?"

ಮಾವ ಗಂಟು ಬಿಚ್ಚಿದ. ಕಂಬಳಿ ಕೊಡವಿ, ಕಣ್ಣಿಗೊತ್ತಿಕೊಂಡು, ಮಡಚಿ ಡ್ಯಾಶ್‌ಬೋರ್ಡ್ ಮೇಲಿಟ್ಟ. ಬ್ರಷ್ ತೆಗೆದು ಜಾಲರಿ ಉಜ್ಜಿದ. ಮುಂದಿನ ಏರಿನಲ್ಲಿ ಶಿಲ್ಪ ಗೇರಿನ ಮೇಲೇ ಕಣ್ಣಿಟ್ಟಿದ್ದಳು. ಮೂರನೇ ಗೇರು. ಅದೇ ಲೋಡು. ಮಾವ ಇಳಿಸಲೇ ಇಲ್ಲ.

"ನಿಮ್ಮಪ್ಪ ನನ್ನ ನೋಡ್ಕಂಡು ಬಾ ಅಂತ ಕಳಿಸಿದ್ದಲ್ವಾ?" ಎಂದ ಮಾವ, ರಸ್ತೆ ನೋಡುತ್ತಲೇ.

ಶಿಲ್ಪ ಡ್ಯಾಶ್‌ಬೋರ್ಡ್ ಮೇಲಿನ ಕಂಬಳಿಯ ದಾರ ಎಳೆಯತೊಡಗಿದಳು.

"ಕ್ಯಾನು ಮೂಸಿದ್ದು ಕಂಡೆ. ಹೋಗ್ಲಿ ಬಿಡು. ನಾನೂ ಅನುಮಾನ ಪಟ್ಟಿದ್ದೆ. ಭಾವನೇ ಡೀಸೆಲ್ ತೆಗೆದು ಹೊಲದ ಪಂಪಿಗೆ ಹಾಕ್ತಾನೇನೋ ಅಂತ. ಅದಕ್ಕೇ ಟ್ಯಾಂಕಿಗೆ ಬೀಗ ಹಾಕಿದ್ದು."

ಮೊಳಕಾಲ್ಮೂರಿನಲ್ಲಿ ಚೀಲ ಇಳಿಸಿ ಇಬ್ಬರೂ ಊರಿನ ದಾರಿ ಹಿಡಿದರು.

ಸಂಜೆ ಗಾಡಿ ಮನೆ ಮುಂದೆ ನಿಂತಿತು. ರೊಪ್ಪದ ಹತ್ತಿರದಿಂದ ಅಪ್ಪ ಕೈಸನ್ನೆ ಮಾಡಿದ. "ಶಿಲ್ಪಾ, ಬಾ ಇಲ್ಲಿ" ಎಂದ ಸಣ್ಣ ದನಿಯಲ್ಲಿ. ಮಾವ ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತಿದ್ದ. ಬಾಗಿಲಲ್ಲಿ ಅವ್ವ ಹಿಟ್ಟಿನ ಕೈಯಲ್ಲೇ ನಿಂತಿದ್ದಳು.

ಶಿಲ್ಪ ಹೋಗಲಿಲ್ಲ. "ಇಲ್ಲೇ ಕೇಳಪ್ಪ" ಎಂದಳು ಗಟ್ಟಿಯಾಗಿ.

ಅಪ್ಪ ತಡವರಿಸುತ್ತ ಹತ್ತಿರ ಬಂದ. ಅವಳು ಕಂಬಳಿ ತೋರಿಸಿ ಎಲ್ಲ ಹೇಳಿದಳು. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಇಷ್ಟಕ್ಕೇ ಮೈಲೇಜು ಇಳೀತೈತಾ?"

"ಖಾತ್ರಿ ಹೇಳಾಕಾಗಲ್ಲ ಭಾವ. ಫುಲ್ ಟ್ಯಾಂಕ್ ಹಾಕಿ ಓಡಿಸಿ ನೋಡ್ಬೇಕು" ಎಂದ ಮಾವ. "ಅಲ್ಲಿತನಕ ಬೇಕಾದ್ರೆ..." ಎಂದು ಕೀ ಮುಂದೆ ಚಾಚಿದ.

"ನೋಡಾಣ" ಎಂದ ಅಪ್ಪ. "ಶಿಲ್ಪಾ, ಬರೋ ಭಾನುವಾರನೂ ನೀನೇ ಹೋಗಿ..."

"ಹೋಗ್ತೀನಿ. ಮಾವನ ಜೊತೆ ಮಾತಾಡ್ತಾ ಕೂತ್ಕಳಾಕೆ ಹೋಗ್ತೀನಿ. ನೋಡಾಕೆ ಹೋಗಲ್ಲಪ್ಪ" ಎಂದಳು ಶಿಲ್ಪ. "ನೋಡ್ಬೇಕಂದ್ರೆ ನೀನೇ ಹೋಗು."

ರೊಪ್ಪದಲ್ಲಿ ಒಂದು ಕುರಿ ಕೆಮ್ಮಿತು. ಅಪ್ಪ ನೆಲ ನೋಡಿದ. ಅವ್ವನನ್ನು ನೋಡಿದ. ಆಮೇಲೆ ಕೀ ಮುಟ್ಟದೆ, ಮಾವ ಚಾಚಿದ ಕೈಯನ್ನು ದಾಟಿ ಮನೆ ಕಡೆ ನಡೆದ.

"ಮುತ್ತು" ಎಂದ, ಹೊಸ್ತಿಲಲ್ಲಿ ನಿಂತು. "ಕೈಕಾಲು ತೊಳ್ಕಂಡು ಬಾ. ರೊಟ್ಟಿ ಆರ್ತೈತೆ."

ಮಾವನ ಕೈ ಇನ್ನೂ ಚಾಚಿಯೇ ಇತ್ತು. ಶಿಲ್ಪ ಹೋಗಿ ಅವನ ಬೆರಳುಗಳನ್ನು ಒಂದೊಂದಾಗಿ ಕೀ ಮೇಲೆ ಮಡಚಿದಳು.