ಒತಿಲಿಯಾ ಅಮ್ಮನ ಹೆಸರಿನ ಹೊಸ ರಕ್ತ

ಮಣ್ಣು ಮಾಡಿ ತಿಂಗಳಾದ ಒತಿಲಿಯಾ ಅಮ್ಮನ ರಕ್ತ ನಮ್ಮ ಐಸ್ ಪೆಟ್ಟಿಗೆಯಲ್ಲಿ ಸಿಕ್ಕಿತು. ಚೀಟಿಯಲ್ಲಿ ಅವರದೇ ಹೆಸರು, ರಕ್ತ ಮಾತ್ರ ಹಿಂದಿನ ದಿನದ್ದು. ನಾನು ದೆವ್ವಕ್ಕೆ ಹೆದರುವವನಲ್ಲ, ಆದರೆ ದೆವ್ವ ಇಲ್ಲವೆಂದು ಪಂಥ ಕಟ್ಟುವವನೂ ಅಲ್ಲ. ಬಾಟಲಿಯನ್ನು ಎರಡೇ ಬೆರಳಲ್ಲಿ ಹಿಡಿದು ಮೈಯಿಂದ ದೂರ ಚಾಚಿದೆ.

"ಬೀಳಿಸೀಯ, ಹೆರ್ನಾನ್! ಸತ್ತೋರು ರಕ್ತ ಕೊಡೋಕೆ ಬರಲ್ಲ ಕಣಯ್ಯಾ" ಎಂದರು ಡಾಕ್ಟರ್ ಮಾರ್ಸೆಲಿನಾ. ಊರಿನ ಗುಟ್ಟುಗಳನ್ನು ಬಿಡಿಸುವುದು ಅವರ ಚಟ. ಪೆಟ್ಟಿಗೆ ಹೊತ್ತು ಅವರ ಹಿಂದೆ ಅಲೆಯುವುದು ನನ್ನ ಪಾಡು.

ಆ ಬೆಟ್ಟದೂರಿನ ಕೆಲವು ಮನೆತನಗಳಿಗೆ ನಲವತ್ತು ದಾಟುತ್ತಲೇ ಮರೆವು ಅಮರಿಕೊಳ್ಳುತ್ತದೆ. ಜನ ಅದನ್ನು 'ಮಂಕು' ಎನ್ನುತ್ತಾರೆ. ದೇಹದ ಕಾವಲು ಪಡೆ ಆ ಕಾಯಿಲೆಯಲ್ಲಿ ರಕ್ತದೊಳಗೆ ಎಂಥ ಗುರುತು ಬಿಡುತ್ತದೆಂದು ಡಾಕ್ಟರ್ ಹುಡುಕುತ್ತಿದ್ದರು. ಮಂಕಿನಲ್ಲೇ ತೀರಿಕೊಂಡ ಒತಿಲಿಯಾ ಅಮ್ಮ ಅದಕ್ಕೆಂದು ತಿಂಗಳಿಗೊಮ್ಮೆ ರಕ್ತ ಕೊಡುತ್ತಿದ್ದರು.

ಹಿಂದಿನ ದಿನ ಒತಿಲಿಯಾ ಅಮ್ಮನ ತಮ್ಮನ ರಕ್ತಕ್ಕೆಂದು ಆ ಮನೆಗೆ ಹೋಗಿದ್ದೆವು. ಮಂಜು ಹೊಸ್ತಿಲು ದಾಟಿ ಒಳಗೇ ಬಂದಿತ್ತು. ಮಂಕು ಹಿಡಿದ ಆತ ಖಾಲಿ ಕುರ್ಚಿಗೆ, "ಅಕ್ಕಾ, ಕಾಫಿ ಆರಿಹೋಗುತ್ತೆ, ಕುಡಿಯೇ" ಎನ್ನುತ್ತಿದ್ದ. ನಾವು ಮೊದಲೇ ಚೀಟಿ ಅಂಟಿಸಿ ಕೊಟ್ಟಿದ್ದ, ಅಮ್ಮನ ಹೆಸರಿನ ಖಾಲಿ ಬಾಟಲಿಗಳು ಇನ್ನೂ ಅಡುಗೆಮನೆಯ ಗೂಡಿನಲ್ಲಿದ್ದವು. ಪೆಟ್ಟಿಗೆಯನ್ನು ಅಲ್ಲೇ ಇಟ್ಟು ಜಗಲಿಗೆ ಬಂದೆ.

ಅಲ್ಲಿ ಒತಿಲಿಯಾ ಅಮ್ಮನ ಮಗಳು ನೂಬಿಯಾ ಕಿರಿ ತಮ್ಮ ವಿಲ್ಮಾರ್‌ನನ್ನು ಛೇಡಿಸುತ್ತಿದ್ದಳು. "ಮದುವೆಯಾಗಿ ಕೆಳನಾಡಿನ ಬಾಳೆತೋಟಕ್ಕೆ ಹೋಗ್ತಾನಂತೆ! ಅಲ್ಲಿಗೆ ಹೋಗೋಕೆ ಹಾಕಿಸಿಕೊಂಡ ಹಳದಿ ಜ್ವರದ ಒಂದು ಲಸಿಕೆಗೇ ಜ್ವರ ಬಂದು ಮಲಗಿದ ವೀರ!"

"ನೀನೂ ಎವೆಲಿಯೋ ಅಣ್ಣನೂ ಸೂಜಿ ಕಂಡ್ರೆ ಓಡೋರು. ಹಸುಗಳಿಗೆ ಸೂಜಿ ಹಾಕೋಕೂ ನಾನೇ ಬೇಕು" ಎಂದ ಅವನು.

ಬಾಟಲಿಯ ಸುದ್ದಿ ಹಬ್ಬಿತು. ಒತಿಲಿಯಾ ಮಕ್ಕಳನ್ನು ಕರೆಯಲು ಬಂದಿದ್ದಾಳೆಂದು ಮನೆಮನೆಯಲ್ಲೂ ಮೇಣದಬತ್ತಿ ಉರಿಯಿತು. ವಿಲ್ಮಾರ್‌ಗೆ ನಿಶ್ಚಯವಾಗಿದ್ದ ಯೊಲಿಮಾಳ ಅಪ್ಪ ಮದುವೆಯನ್ನು ಮುಂದೂಡಿದ. ಮುಂದಿನ ವಾರ ಡಾಕ್ಟರ್ ಯೊಲಿಮಾಳೂ ಸೇರಿ ಎಲ್ಲರನ್ನೂ ಅದೇ ಅಡುಗೆಮನೆಯಲ್ಲಿ ಸೇರಿಸಿದರು.

"ರಕ್ತ ಹೊಸದು, ಅಂದ್ರೆ ಕೊಟ್ಟೋರು ಬದುಕಿದ್ದಾರೆ. ಬಾಟಲಿ ಈ ಗೂಡಿಂದು, ಅಂದ್ರೆ ಮನೆಯವರೇ. ಅದರಲ್ಲಿ ಹಳದಿ ಜ್ವರದ ವಿರುದ್ಧ ದೇಹ ಈಚೆಗಷ್ಟೇ ಎಬ್ಬಿಸಿದ ಕಾವಲುಗಾರರಿದ್ರು. ಈ ಮನೇಲಿ ಆ ಲಸಿಕೆ ಹಾಕಿಸಿಕೊಂಡೋನು ಒಬ್ಬನೇ. ನೀನೇ ಹೇಳ್ತೀಯೋ, ನಾನು ಹೇಳ್ಲೋ?"

ವಿಲ್ಮಾರ್ ತಲೆ ತಗ್ಗಿಸಿದ. "ಸೂಜಿ ಚುಚ್ಚಿ ತೆಗೆದು ಪೆಟ್ಟಿಗೆಯಲ್ಲಿಟ್ಟೋನು ನಾನೇ, ಡಾಕ್ಟರಮ್ಮ. ಅಮ್ಮನ ಹಳೇ ರಕ್ತದ ಹಾಗೇ ಇದೆ ಅಂತ ನೀವಂದ್ರೆ, ನಂಗೂ ಮಂಕು ಬರುತ್ತೆ ಅಂತ ಗೊತ್ತಾಗ್ತಿತ್ತು. ನನ್ನ ಹೆಸರಲ್ಲಿ ಕೊಟ್ಟಿದ್ರೆ ಊರೆಲ್ಲ ಟಾಂಟಾಂ ಆಗಿ ಮದುವೆ ಮುರೀತಿತ್ತು." ತಲೆಯೆತ್ತಿ ಕೇಳಿದ, "ಹಾಗೇ ಇದೆಯಾ?"

"ಮಂಕಿನೋರಲ್ಲಿ ಕಾಣೋ ಉರಿಯೂತದ ಗುರುತು ಜಾಸ್ತಿನೇ ಇದೆ. ಆದ್ರೆ ಲಸಿಕೆ ಜ್ವರಕ್ಕೂ ಅದು ಏರುತ್ತಪ್ಪಾ. ನಿನ್ನನ್ನ ಹಿಡಿದುಕೊಟ್ಟ ಲಸಿಕೆಯೇ ಉತ್ತರಾನೂ ಕಲಸಿಹಾಕಿದೆ. ತಿಳ್ಕೊಳ್ಳಲೇಬೇಕು ಅಂದ್ರೆ ನಿನ್ನ ಹೆಸರಲ್ಲೇ ಬಾ, ಬೇರೆ ಪರೀಕ್ಷೆ ಇದೆ."

ಅಷ್ಟು ದಿನ ದೆವ್ವಕ್ಕೆ ನಡುಗಿದ್ದ ನನಗೆ ಈಗ ಬದುಕಿರುವ ಆ ಹುಡುಗನ ಮುಖ ನೋಡಲು ಭಯವಾಯಿತು. ಯೊಲಿಮಾ ಎದ್ದು ಹೋಗುತ್ತಾಳೆಂದೇ ಅಂದುಕೊಂಡೆ. ಅವಳು ಅವನೆದುರು ಬಂದು ನಿಂತಳು.

"ನನ್ನ ಹೆಸರೇನು ಹೇಳು."

"ಯೊಲಿಮಾ."

"ಇವತ್ತಿಗೆ ಅಷ್ಟು ಸಾಕು. ಮರೆತ ದಿನ ನಾನೇ ಹೇಳ್ತೀನಿ."